ಭೂತದ ಕರೆಯುವ ಹೆಸರು

ಬಹಳ ಹಿಂದೆ, ಭೂತಗಳೂ ಮನೆಗೆಲಸ ಮಾಡುತ್ತಿದ್ದ ಕಾಲದಲ್ಲಿ, ನುಡಿಗಿರಿ ಎಂಬ ರಾಜ್ಯವಿತ್ತು. ಅಲ್ಲಿ ನೀರು ಸೇದಲು ಒಂದು ಭೂತ, ಒಲೆ ಹಚ್ಚಲು ಒಂದು ಭೂತ. ಆದರೆ ಕೆಲಸ ಹೇಳುವ ಮೊದಲು ಭೂತದ ಮಾರುದ್ದದ ಹೆಸರನ್ನು ತಪ್ಪಿಲ್ಲದೆ ಹೇಳಬೇಕು. ತಪ್ಪು ಹೆಸರು ಹೇಳಿದವರು ನಿಂತಲ್ಲೇ ಕಲ್ಲು! ಈ ಕಟ್ಟಳೆ ಮಾಡಿದವನು ಮಾಂತ್ರಿಕ ಕರಾಳಜಟ.

ನೇಕಾರ ಸಂಗಮೇಶನ ತಾಯಿ ಒಂದು ಬೆಳಿಗ್ಗೆ ನೀರಿನ ಭೂತವನ್ನು ಕರೆಯುತ್ತ ನಡುವೆ ಕೆಮ್ಮಿದಳು. ಅಷ್ಟೇ, ಕಲ್ಲಾದಳು. ಹೀಗೆ ಕಲ್ಲಾದ ಎಲ್ಲರಂತೆ ಅವಳನ್ನೂ ಮಾಂತ್ರಿಕ ತನ್ನ ಕೋಟೆಗೆ ಸಾಗಿಸಿದ. ಕೋಟೆಯ ಬಾಗಿಲು ಕಾಯುವ ಭೂತ ಮುಟ್ಟಿದರೆ ಮಾತ್ರ ಆ ಕಲ್ಲುಗಳಿಗೆ ಮತ್ತೆ ಜೀವ.

ಸಂಗಮೇಶನಿಗೋ ತೊದಲು. ತನ್ನ ಹೆಸರು ಹೇಳುವಷ್ಟರಲ್ಲೇ ಬೆವರುತ್ತಿದ್ದ, ಪಾಪ.

"ಬೇಡಪ್ಪಾ, ನೀನೂ ಕಲ್ಲಾಗ್ತೀಯ," ಎಂದು ನೆರೆಯವರು ಅತ್ತರು. ಅವನು ಹೊರಟೇಬಿಟ್ಟ.

ಕೋಟೆಯ ಕಂದಕದಲ್ಲಿ ನೀರಿನ ಭೂತ ಎದ್ದು ನಿಂತಿತು. "ನನ್ನ ಹೆಸರು ಹೇಳು!"

"ಅ-ಅಣ್ಣಾ, ಮನೇಲಿ ನಿನ್ನನ್ನ ಏ-ಏನಂತ ಕರೀತಿದ್ರು?"

ಭೂತದ ಕಣ್ಣು ತುಂಬಿತು. ಹೀಗೆ ಯಾರೂ ಕೇಳಿರಲೇ ಇಲ್ಲ. "ಅವ್ವ ಜಲ್ಲ ಅಂತಿದ್ಲು."

"ಜಲ್ಲಾ, ದಾ-ದಾರಿ ಬಿಡು."

ನೀರು ಸರಿಯಿತು. ಮುಂದೆ ಬೆಂಕಿಯ ಗೋಡೆ. ಅಲ್ಲಿನ ಭೂತವನ್ನೂ ಹಾಗೆಯೇ ಕೇಳಿದ. "ಕೆಂಡಿ," ಎಂದು ಅದು ನಾಚಿಕೊಂಡಿತು. "ಕೆಂಡೀ, ಆರಿಹೋಗು," ಎಂದ. ಬೆಂಕಿ ಆರಿತು.

ಮೂರನೆಯದು ಬಾಗಿಲ ಭೂತ. "ನನಗೆ ಅವ್ವನೇ ಇಲ್ಲ," ಎಂದಿತು ಅದು. "ಮಾಂತ್ರಿಕ ಬೂದಿಯಿಂದ ಮಾಡಿದ. ಅವನಿಟ್ಟ ಉದ್ದದ ಹೆಸರೊಂದೇ."

ಸಂಗಮೇಶನ ಕರುಳು ಚುರುಕ್ಕೆಂದಿತು. "ನಾನಿಡ್ತೀನಿ," ಎಂದವನೇ ಪುಟ್ಟ ಎನ್ನಲು ಹೋಗಿ, "ಪು-ಪ್ಪು..." ಎಂದು ತಡವರಿಸಿದ.

"ಪುಪ್ಪು!" ಭೂತ ಕುಣಿದಾಡಿತು. "ಇನ್ನು ಮೇಲೆ ಇದೊಂದೇ ನನ್ನ ಹೆಸರು!"

ಅಷ್ಟರಲ್ಲಿ ಮಾಂತ್ರಿಕ ಓಡಿಬಂದ. "ದುರ್ಗದ್ವಾರರಕ್ಷಕಭಸ್ಮಸಂಭವಮಹಾವಿಕರಾಳಾ, ಇವನನ್ನು ನುಂಗು!"

ಒಂದಕ್ಷರವೂ ತಪ್ಪಲಿಲ್ಲ. ಆದರೆ ಆ ಹೆಸರಿನವರು ಅಲ್ಲಿ ಯಾರೂ ಇರಲಿಲ್ಲ. ತನ್ನ ಕಟ್ಟಳೆಗೆ ತಾನೇ ಸಿಕ್ಕಿ ಮಾಂತ್ರಿಕ ಕಲ್ಲಾದ. ಆಗಬೇಕಾದ್ದೇ ಬಿಡಿ!

"ಪು-ಪುಪ್ಪೂ, ನಮ್ಮವ್ವ..." ಎಂದ ಸಂಗಮೇಶ. ಪುಪ್ಪು ಒಂದೊಂದೇ ಕಲ್ಲನ್ನು ಮುಟ್ಟುತ್ತ ಬಂತು. ತಾಯಿ ಅಂದು ಅರ್ಧಕ್ಕೆ ನಿಂತಿದ್ದ ಕೆಮ್ಮನ್ನು ಮುಗಿಸಿ ಕಣ್ಣುಬಿಟ್ಟಳು.

"ಸಂಗಾ, ಉಂಡ್ಯೇನೋ?"

ಅವನು ಗಳಗಳನೆ ಅತ್ತುಬಿಟ್ಟ.

ಆಮೇಲೆ ನುಡಿಗಿರಿಯಲ್ಲಿ ಆಗತಾನೇ ಮಾತು ಕಲಿತ ಕೂಸೂ "ಜಲ್ಲಾ" ಎಂದರೆ ಸಾಕು, ಬಿಂದಿಗೆ ತುಂಬುತ್ತಿತ್ತು. ಮಾಂತ್ರಿಕನ ಕಲ್ಲಿನ ಮೇಲೆ ಬಟ್ಟೆ ಒಗೆದುಕೊಂಡು ಎಲ್ಲರೂ ಸುಖವಾಗಿದ್ದರು.