ಆನೆಬಾಗಿಲ ಮೆರವಣಿಗೆ

ಮಣಿಗೋಟೆಯ ರಾಜಬೀದಿ ಆ ಬೆಳಿಗ್ಗೆ ಚಳಿನೀರಿನಲ್ಲಿ ಮಿಂದ ಕನ್ಯೆಯಂತೆ ಹೊಳೆಯುತ್ತಿತ್ತು. ಅಂಗಡಿಗಳ ಜಗಲಿಯ ಮೇಲೆ ಹವಳ, ಮೆಣಸು, ಚಂದನದ ಕೊರಡುಗಳು ಹರಡಿದ್ದವು. ಹೂವಾಡಗಿತ್ತಿಯರು ಸೇವಂತಿಗೆಯ ಬುಟ್ಟಿಗಳನ್ನು ಇಳಿಸುತ್ತಿದ್ದರು. ಆದರೆ ನೇಕಾರರ ಕೇರಿಯಲ್ಲಿ ಒಂದು ಮಗ್ಗವೂ ಸದ್ದು ಮಾಡಿರಲಿಲ್ಲ. ಅದಕ್ಕೆ ಕಾರಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೇರಿಯ ಹಿರಿಯ ಕೆಂಚಣ್ಣ, ಪ್ರಜೆಗಳ ಅಹವಾಲುಗಳನ್ನು ಪ್ರಧಾನಿ ಸೋವರಸನು ಅರಸರಿಗೆ ಮುಟ್ಟಿಸುವುದೇ ಇಲ್ಲವೆಂದು ಸಂತೆಯಲ್ಲಿ ಎಲ್ಲರೆದುರು ಹೇಳಿದ್ದ. ಆ ಒಂದು ಮಾತಿಗಾಗಿ, ವಿಚಾರಣೆಯೇ ಇಲ್ಲದೆ, ಅವನು ಸೆರೆಮನೆ ಸೇರಿದ್ದ.

ಮರುದಿನ ಒಡ್ಡೋಲಗ. ಅಂದರೆ ಹರೆಯದ ಅರಸ ಚೆನ್ನವರ್ಮ ಪ್ರಜೆಗಳಿಗೆ ಮುಖ ತೋರಿಸುವ ತುಂಬಿದ ಸಭೆ. ಕೆಂಚಣ್ಣನ ಹೆಂಡತಿ ಸಾತವ್ವ, ಕೇರಿಯವರೆಲ್ಲರೊಂದಿಗೆ ಮೆರವಣಿಗೆಯಲ್ಲಿ ಅರಮನೆಗೆ ಹೋಗಿ ಗಂಡನ ಬಿಡುಗಡೆಯನ್ನು ಬೇಡಲು ನಿಶ್ಚಯಿಸಿದ್ದಳು.

ಊರಿನಲ್ಲಿ ಯಾವ ಗುಂಪು ಬೀದಿಗಿಳಿಯಬೇಕಾದರೂ ನಗರದ ತಳವಾರ ಅನುಮತಿಯ ಗುರುತಾಗಿ ವೀಳ್ಯ ಕೊಡಬೇಕಿತ್ತು. ತಳವಾರನೆಂದರೆ ಊರ ಕಾವಲಿನ ಮುಖ್ಯಸ್ಥ. ವೀಳ್ಯ ಕೊಟ್ಟವನೇ ಮೆರವಣಿಗೆಯ ಮುಂದೆ ನಡೆಯಬೇಕು, ಅದರಲ್ಲಿರುವ ಪ್ರತಿಯೊಂದು ಜೀವಕ್ಕೂ ಅವನೇ ಹೊಣೆ ಎಂಬುದು ಪೂರ್ವದ ಕಟ್ಟಳೆ. ಈಚಿನ ತಳವಾರರು ಮಾತ್ರ ಬಿಸಿಲಿಗೆ ಹೆದರಿ, ತಮ್ಮ ಬದಲು ಒಬ್ಬ ಆಳಿನ ಕೈಯಲ್ಲಿ ಅಧಿಕಾರದ ಬೆತ್ತವನ್ನು ಕಳುಹಿಸಿ ಮನೆಯಲ್ಲೇ ಉಳಿಯುತ್ತಿದ್ದರು.

ಆಗಿನ ತಳವಾರ ಬಾಚೆಯ ನಾಯಕನನ್ನು ಪ್ರಧಾನಿ ತನ್ನ ಮನೆಗೆ ಕರೆಸಿಕೊಂಡ.

"ನಾಯಕರೇ, ನೇಕಾರರಿಗೆ ಧಾರಾಳವಾಗಿ ವೀಳ್ಯ ಕೊಡಿ. ಆದರೆ ಆನೆಬಾಗಿಲ ಮಾರ್ಗವಾಗಿಯೇ ಬರಲಿ. ಬೇರೆ ಬಾಗಿಲಲ್ಲಿ ಅವರಿಗೆ ಪ್ರವೇಶವಿಲ್ಲ."

ಬಾಚೆಯ ನಾಯಕನಿಗೆ ಅಚ್ಚರಿಯಾಯಿತು. ಅರಮನೆಯ ಆನೆಬಾಗಿಲಿಗೆ ಹೊರಗೊಂದು, ಒಳಗೊಂದು ಕದ. ನಡುವೆ ಎತ್ತರದ ಗೋಡೆಗಳ ಅಂಗಳ. ಅಂಗಳದ ಬದಿಗೆ ಕುದುರೆಲಾಯ. ಎರಡೂ ಕದ ಮುಚ್ಚಿದರೆ ಒಳಗಿದ್ದವರು ಬೋನಿನಲ್ಲಿ ಸಿಕ್ಕಂತೆ.

"ಅಲ್ಲಿ ಕುದುರೆ ನುಗ್ಗಿದರೆ ಯಾರೂ ಉಳಿಯುವುದಿಲ್ಲ, ಸ್ವಾಮಿ."

"ದಂಗೆಕೋರರು ಉಳಿಯಬೇಕೇಕೆ? ನೀವು ಬೆತ್ತ ಕಳುಹಿಸಿ ಮನೆಯಲ್ಲಿರಿ. ನಿಮಗೆ ಜ್ವರ."

"ನನಗೆ ಜ್ವರವಿಲ್ಲ."

"ನಾಳೆಗೆ ಬರುತ್ತದೆ," ಎಂದು ಸೋವರಸ ನಕ್ಕ.

ಅವನ ಉದ್ದೇಶ ಇಷ್ಟೇ: ಊರಿನಲ್ಲಿ ದಂಗೆಯಾಯಿತೆಂದು ಅರಸನನ್ನು ಹೆದರಿಸಿ, ಸೇನೆಯ ಅಧಿಕಾರವನ್ನೂ ತಾನೇ ಪಡೆಯುವುದು. ವೀಳ್ಯ ನಿರಾಕರಿಸಿದರೆ ಕೊಡಲು ಬೇರೊಬ್ಬ ತಳವಾರ ಸಿಗುತ್ತಾನೆಂಬುದು ಬಾಚೆಯ ನಾಯಕನಿಗೆ ತಿಳಿದಿತ್ತು. ಅವನು ನೇರವಾಗಿ ಕೇರಿಗೆ ಹೋಗಿ ಸಾತವ್ವನಿಗೆ ನಡೆದುದೆಲ್ಲವನ್ನೂ ಹೇಳಿದ.

ಸಾತವ್ವ ಕೇಳಿದಳು: "ಹೋಗದಿದ್ದರೆ ನನ್ನ ಗಂಡ ಅಲ್ಲೇ ಕೊಳೆಯುತ್ತಾನೆ. ಹೋದರೆ ನಾವೆಲ್ಲ ಸಾಯುತ್ತೇವೆ. ನಿಮ್ಮ ಬೆತ್ತ ಮಾತ್ರ ಕ್ಷೇಮವಾಗಿ ಮನೆಗೆ ಬರುತ್ತದೆ, ಅಲ್ಲವೇ ನಾಯಕರೇ?"

ಆ ಮಾತು ಅವನಿಗೆ ಚುಚ್ಚಿತು. "ಬೆತ್ತ ಬರುವುದಿಲ್ಲ, ತಾಯಿ. ನಾನೇ ಬರುತ್ತೇನೆ," ಎಂದು ಅವಳ ಕೈಗೆ ವೀಳ್ಯವಿತ್ತ.

ಮರುದಿನ ಕೇರಿಗೆ ಕೇರಿಯೇ ಹೊರಟಿತು. ಎಲ್ಲರಿಗಿಂತ ಮುಂದೆ ಬರಿಗಾಲಿನಲ್ಲಿ ಬಾಚೆಯ ನಾಯಕ. ಅವನ ಸೊಂಟದಲ್ಲಿ ಅರಸನೇ ಸ್ವಹಸ್ತದಿಂದ ಕಟ್ಟಿದ್ದ ಕೆಂಪು ನಡುಪಟ್ಟಿ, ಅಂದರೆ ತಳವಾರಿಕೆಯ ಗುರುತು. ಅವರು ಅಂಗಳಕ್ಕೆ ಕಾಲಿಟ್ಟ ಮೇಲೆ ಹಿಂದಿನ ಕದ ಮುಚ್ಚಿತು, ಮುಂದಿನದು ಮೊದಲೇ ಮುಚ್ಚಿತ್ತು. ಲಾಯದಿಂದ ಕುದುರೆಗಳು ಹೊರಬಂದು ಸಾಲಾಗಿ ನಿಂತವು. ಒಬ್ಬ ಹೆಂಗಸು ಚೀರಿದಳು.

"ಯಾರೂ ಓಡಬೇಡಿ. ಕುಳಿತುಕೊಳ್ಳಿ," ಎಂದ ಬಾಚೆಯ ನಾಯಕ. ಎಲ್ಲರೂ ಕುಳಿತರು. ಅವನೊಬ್ಬ ನಿಂತೇ ಇದ್ದ.

ಕುದುರೆ ದಳದ ನಾಯಕ ಸಿಂಗಣ್ಣನ ಕೈ ಕಡಿವಾಣದ ಮೇಲೆ ತಡೆದು ನಿಂತಿತು. ಅರಸನ ಪಟ್ಟಿ ತೊಟ್ಟವನ ಮೇಲೆ ಕುದುರೆ ಹರಿಸುವುದು ಅರಸನ ಮೇಲೆಯೇ ಹರಿಸಿದಂತೆ, ಅದು ರಾಜದ್ರೋಹ. ಆಳು ಹಿಡಿದ ಬೆತ್ತಕ್ಕೆ ಈ ರಕ್ಷೆ ಇರಲಿಲ್ಲ. ಪ್ರಧಾನಿಯ ಲೆಕ್ಕ ತಪ್ಪಿದ್ದು ಇಲ್ಲೇ.

ಕೊತ್ತಲದ ಮೇಲಿಂದ ಸೋವರಸ ಕೂಗಿದ: "ಏಕೆ ನಿಂತೆ, ಸಿಂಗಣ್ಣ? ಅವನು ಇನ್ನು ತಳವಾರನಲ್ಲ! ಈಗಲೇ ವಜಾ ಮಾಡಿದ್ದೇನೆ! ಬಾಚೆಯಾ, ಬಿಚ್ಚೋ ಆ ಪಟ್ಟಿ!"

ಬಾಚೆಯ ನಾಯಕ ತಲೆಯೆತ್ತಿದ. "ಅರಸರು ಕಟ್ಟಿದ್ದನ್ನು ಅರಸರೇ ಬಿಚ್ಚಬೇಕು, ಪ್ರಧಾನಿಗಳೇ. ವಜಾ ಮಾಡಿದಿರಲ್ಲ, ಸಂತೋಷ. ಕದ ತೆಗೆಸಿ, ಹೋಗಿ ಬಿಚ್ಚಿಸಿಕೊಳ್ಳುತ್ತೇನೆ. ಇವರಿಗೆ ನಾನು ಹೊಣೆ. ಇವರನ್ನು ಬಿಟ್ಟು ಒಂದು ಹೆಜ್ಜೆಯೂ ಕದಲುವುದಿಲ್ಲ."

"ಕದ ತೆಗೆಯಬೇಡ!"

"ಹಾಗಾದರೆ ನಾನಿನ್ನೂ ತಳವಾರ. ಹರಿಸು ಸಿಂಗಣ್ಣ, ನಿನ್ನ ಕುದುರೆ!"

ಸಿಂಗಣ್ಣ ಕುದುರೆಯಿಂದ ಇಳಿದು, ತಾನೇ ಹೋಗಿ ಒಳಗಿನ ಕದದ ಅಗುಳಿ ತೆಗೆದ.

ಒಡ್ಡೋಲಗಕ್ಕೆ ಸೋವರಸ ಓಡಿಬಂದು, ತಳವಾರ ದಂಗೆಕೋರರನ್ನು ಕರೆತಂದಿದ್ದಾನೆಂದು ದೂರು ಹೇಳಿದ. ಅರಸ ಗೊಂದಲಗೊಂಡು, ಪ್ರಧಾನಿಯ ಮಾತಿನಂತೆ, ಬಾಚೆಯ ನಾಯಕನ ಪಟ್ಟಿಯನ್ನು ಬಿಚ್ಚಿದ.

ಬಾಚೆಯ ನಾಯಕ ಕೈಮುಗಿದ. "ಮಹಾಸ್ವಾಮಿ, ತಾವು ಕೇಳದ ಹೊರತು ತಳವಾರನಿಗೆ ಈ ಸಭೆಯಲ್ಲಿ ಮಾತಿಲ್ಲ. ಪ್ರಜೆಗೆ ಇದೆ. ಈಗ ನಾನು ಪ್ರಜೆ." ಬಳಿಕ ಅವನು ಜ್ವರದ ಮಾತಿನಿಂದ ಕುದುರೆಗಳವರೆಗೆ ಎಲ್ಲವನ್ನೂ ಹೇಳಿದ. ಅರಸ ಸಿಂಗಣ್ಣನತ್ತ ನೋಡಿದ.

"ನಿಜ, ಪ್ರಭು. ನನಗೂ ಅದೇ ಆಜ್ಞೆಯಾಗಿತ್ತು."

ಸೋವರಸನ ಮುಖ ಕಪ್ಪಿಟ್ಟಿತು. "ಪ್ರಭು, ಮೊದಲು ಈ ಗುಂಪನ್ನು ಚದುರಿಸೋಣ, ವಿಚಾರಣೆ ಆಮೇಲೆ..."

"ಚದುರುವುದಿಲ್ಲ!" ಸಾತವ್ವ ಸಿಂಹಾಸನದ ಎದುರಿಗೇ ನೆಲದ ಮೇಲೆ ಕುಳಿತಳು. "ನನ್ನ ಗಂಡನನ್ನು ಕಣ್ಣಿಂದ ನೋಡುವವರೆಗೆ ಇಲ್ಲೇ ಇರುತ್ತೇವೆ. ಕುದುರೆಗಳನ್ನು ಇಲ್ಲಿಗೇ ತರಿಸಿಕೊಳ್ಳಲಿ."

ಕೇರಿಯವರೆಲ್ಲ ಅವಳ ಹಿಂದೆ ಕುಳಿತರು. ಪಟ್ಟಿಯಿಲ್ಲದ ಬಾಚೆಯ ನಾಯಕನೂ ಅವರ ನಡುವೆ ಜಾಗ ಮಾಡಿಕೊಂಡು ಕುಳಿತ. ಅರಸ ಎದ್ದುನಿಂತು, ಸೋವರಸನನ್ನು ಕಾವಲಿನಲ್ಲಿಡುವಂತೆಯೂ ಕೆಂಚಣ್ಣನನ್ನು ಕರೆತರುವಂತೆಯೂ ಆಜ್ಞಾಪಿಸಿದ. ಇನ್ನು ಎದ್ದೇಳಿರೆಂದು ದ್ವಾರಪಾಲಕರು ಹೇಳಿದರು, ಯಾರೂ ಏಳಲಿಲ್ಲ. ಅರಸನೇ ಹೇಳಿದ, ಆಗಲೂ ಏಳಲಿಲ್ಲ.

ಗಡ್ಡ ಬೆಳೆದ ಕೆಂಚಣ್ಣ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಬಾಗಿಲಲ್ಲಿ ಕಾಣಿಸಿದ ಮೇಲೆಯೇ ಅವರು ಎದ್ದರು.