ಕಾಲುವೆಯ ಬಿಳಿ ಕಲ್ಲು

"ಮೇಡಮ್ಮೋರೇ, ನಮ್ಮ ಕೇರಿ ಬಾವಿ ಮತ್ತೆ ಕೆಂಪಾಯ್ತು. ನಾನು ಕಲ್ಲು ಕೆದಕದೆ ಮಲಗಿದ್ದೆ ಅಂತಾವ್ರೆ ಚೇರ್ಮನ್ರು. ಸೋಮವಾರ ಕೆಲ್ಸದಿಂದ ತೆಗೀತಾರಂತೆ."

೧೯೭೮ರ ಮಾರ್ಚ್. ಪಂಚಾಯಿತಿಯ ಕೂಲಿ ಕರಿಯಣ್ಣ ಅಜ್ಜಂಪುರದ ನಮ್ಮ ಹೈಸ್ಕೂಲಿನ ಲ್ಯಾಬ್ ಬಾಗಿಲಲ್ಲಿ ನಿಂತಿದ್ದ. ವಿಜ್ಞಾನದ ಟೀಚರ್ ದಾಕ್ಷಾಯಣಮ್ಮ ಉತ್ತರಪತ್ರಿಕೆಗಳನ್ನು ಬದಿಗಿಟ್ಟರು. ಊರಿನ ಕಳವು, ಜಗಳಗಳ ನಿಜ ಹುಡುಕುವುದರಲ್ಲಿ ಪೊಲೀಸರಿಗಿಂತ ಅವರಿಗೇ ಹೆಸರು. ನಾನು ತಿಮ್ಮಪ್ಪ, ಲ್ಯಾಬ್ ಅಟೆಂಡರ್. ಬಾಟಲಿ ತೊಳೆಯುವುದು, ಅವರ ಹಿಂದೆ ಅಲೆಯುವುದು ನನ್ನ ಪಾಲು.

ಊರಾಚೆಯ ಮುಚ್ಚಿದ ಚಿನ್ನದ ಗಣಿಯಿಂದ ಹುಳಿ ನೀರು ಸೋರುತ್ತಿತ್ತು. ಅದರಲ್ಲಿ ಕಬ್ಬಿಣ, ತಾಮ್ರ ಕರಗಿದ್ದವು. ಮೇಡಂ ಹೇಳಿದಂತೆ ಪಂಚಾಯಿತಿ ಕಾಲುವೆ ತೋಡಿಸಿ ಸುಣ್ಣದ ಕಲ್ಲು ತುಂಬಿಸಿತ್ತು. ಕಲ್ಲು ಹುಳಿಯನ್ನು ಕಳೆಯುತ್ತಿತ್ತು; ಲೋಹ ಮುಂದಿನ ಹೊಂಡದಲ್ಲಿ ಕೆಸರಾಗಿ ಕೂರುತ್ತಿತ್ತು. ಕಲ್ಲಿಗೆ ಹತ್ತುವ ಕೆಂಪು ಲೋಳೆಯನ್ನು ವಾರಕ್ಕೊಮ್ಮೆ ಕೆದಕಿ ತೆಗೆಯುವುದು ಕರಿಯಣ್ಣನ ಕೆಲಸ. ನಾಲ್ಕು ತಿಂಗಳು ಬಾವಿ ತಿಳಿಯಾಗಿತ್ತು.

"ರಜ ಹಾಕಿದ್ದೆಯಾ?"

"ತಂಗಿ ಮದುವೆಗೆ ಸಖರಾಯಪಟ್ಟಣಕ್ಕೆ ಹೋಗಿದ್ದೆ. ಐದು ದಿನ. ಕೇಳೇ ಹೋಗಿದ್ದೆ."

ಹೋಗಿ ನೋಡಿದರೆ ಕಾಲುವೆಯಲ್ಲಿ ಕಲ್ಲು ತುಂಬಿತ್ತು. ಬೆಳ್ಳಗೆ ಹೊಳೆಯುತ್ತಿತ್ತು. ಮೇಡಂ ನಾಲ್ಕು ಕಲ್ಲು ಆರಿಸಿ ನನ್ನ ಚೀಲಕ್ಕೆ ಹಾಕಿದರು. ಕಲ್ಲು ಪೂರೈಸಿದ ಗಾಡಿಯ ಹೊನ್ನಯ್ಯ ದಾರಿಯಲ್ಲಿ ಸಿಕ್ಕ. "ಒಳ್ಳೇ ಕಲ್ಲೇ ಕೊಟ್ಟಿದ್ದು ಕಣಮ್ಮಾ. ಈಗ ಯುಗಾದಿಗೆ ಬಳಿಯೋಕೂ ಅಂಗಡೀಲಿ ಸುಣ್ಣ ಇಲ್ಲ, ಎರಡು ತಿಂಗಳಾಯ್ತು," ಎಂದ.

ಪಂಚಾಯಿತಿ ಚೇರ್ಮನ್ ದೇವೀರಪ್ಪನ ಜಗಲಿಯಲ್ಲಿ ಮಜ್ಜಿಗೆ ಕುಡಿದೆವು. ಗೋಡೆಗೆ ಒರಗಿದ ನನ್ನ ಅಂಗಿಯ ಬೆನ್ನೆಲ್ಲ ಬೆಳ್ಳಗಾಯಿತು. "ಎಮ್ಮೆ ಹಂಗೆ ಉಜ್ಜಿಕೊಬೇಡ ಕಣೋ," ಎಂದ ದೇವೀರಪ್ಪ.

ಭಾನುವಾರ ಮೇಡಂ ದೇವೀರಪ್ಪನ ಅದೇ ಜಗಲಿಗೆ ಕರಿಯಣ್ಣ, ಹೊನ್ನಯ್ಯ ಇಬ್ಬರನ್ನೂ ಕರೆಸಿದರು. ಒಂದು ಕಲ್ಲಿನ ಮೇಲೆ ಆಸಿಡ್ ಹನಿಸಿದರು. ಏನೂ ಆಗಲಿಲ್ಲ.

"ಸುಣ್ಣದ ಕಲ್ಲಾದರೆ ನೊರೆ ಬರಬೇಕು. ಇದು ಗಣಿಯವರು ಬಿಸಾಕಿದ ಗುಡ್ಡೆಯ ಬೆಣಚುಕಲ್ಲು. ಹುಳಿ ಇದನ್ನು ಮುಟ್ಟಲ್ಲ. ಕರಿಯಣ್ಣ ಕೆದಕದಿದ್ದರೆ ಲೋಳೆ ದಪ್ಪಗಿರಬೇಕಿತ್ತು, ಕಲ್ಲು ಹೊಳೀತಿರಲಿಲ್ಲ. ಮೊದಲ ಕಲ್ಲು ನಾಲ್ಕು ತಿಂಗಳು ಕೆಲಸ ಮಾಡಿದೆ, ಹಾಗಾಗಿ ಹೊನ್ನಯ್ಯನ ತಪ್ಪಿಲ್ಲ. ಅದಲುಬದಲಾಗಿದ್ದು ಕರಿಯಣ್ಣ ಊರಲ್ಲಿಲ್ಲದ ಐದು ದಿನದಲ್ಲಿ. ಅಂಗಡೀಲಿ ಸುಣ್ಣವಿಲ್ಲ, ಆದರೂ ಈ ಗೋಡೆಯಿಂದ ತಿಮ್ಮಪ್ಪನ ಬೆನ್ನಿಗೆ ಹೊಸ ಸುಣ್ಣ ಹತ್ತಿತು. ನಿಮ್ಮ ಹಿತ್ತಿಲಲ್ಲಿ ಸುಣ್ಣಕ್ಕೆ ಕಲ್ಲು ಸುಟ್ಟ ಗೂಡು ಈಗಷ್ಟೇ ನೋಡಿ ಬಂದೆ."

ದೇವೀರಪ್ಪ ತಲೆ ತಗ್ಗಿಸಿದ. "ಬೀಗರು ಬರೋರಿದ್ರು, ಗೋಡೆ ಕಪ್ಪಗಿತ್ತು. ಕಾಲುವೆ ಕಲ್ಲು ತೆಗೆಸಿ ಸುಟ್ಟೆ. ಬಿಳಿ ಕಲ್ಲು ಯಾವುದಾದ್ರೇನು ಅಂದ್ಕೊಂಡು ಗುಡ್ಡೇದು ತುಂಬಿಸ್ದೆ."

"ಅದು ಗೊತ್ತಿಲ್ಲದ ತಪ್ಪು. ಬಾವಿ ಕೆಂಪಾದಾಗ ನಿಮಗೆ ಹೊಳೀತು. ಆಗಲೂ ತಪ್ಪನ್ನು ಇವನ ಮೇಲೆ ಹಾಕಿದಿರಿ," ಎಂದರು ಮೇಡಂ.

"ನಿಮ್ಮ ಗೋಡೆ ಬೆಳ್ಳಗಾಯ್ತು, ನಮ್ಮ ಮಕ್ಕಳ ಹೊಟ್ಟೆ ನುಲೀತು ಚೇರ್ಮನ್ರೇ," ಎಂದ ಕರಿಯಣ್ಣ.

"ನೀನು ಕೆಲಸದಲ್ಲೇ ಇರಪ್ಪಾ. ಸುಣ್ಣದ ಕಲ್ಲು ತರೋಕೆ ನಾಳೆನೇ ಹೊನ್ನಯ್ಯನ ಗಾಡಿ ಕಳಿಸ್ತೀನಿ. ನನ್ನ ಖರ್ಚು."

"ಸರಿ. ಇನ್ಮೇಲೆ ಕಾಲುವೆಗೆ ಯಾವ ಕಲ್ಲು ಬೀಳ್ಬೇಕು ಅನ್ನೋದು ನಾನು ನೋಡಿ ಹೇಳ್ತೀನಿ. ಹಂಗಂತ ಬರೆದು ಕೊಡಿ," ಎಂದ ಕರಿಯಣ್ಣ.

ದೇವೀರಪ್ಪ ಮೇಡಂ ಮುಖ ನೋಡಿದ. ಅವರು ಪೆನ್ನು ಚಾಚಿದರು. ಅವನು ಬರೆದ, ಸಹಿಯನ್ನೂ ಹಾಕಿದ.

ಹೊಸ ಕಲ್ಲು ಬಿದ್ದ ಮೂರನೆಯ ವಾರ ಮೇಡಂ ಬಾವಿ ನೀರು ಪರೀಕ್ಷೆ ಮಾಡಿ ಸರಿ ಎಂದರು. ಆ ಕೇರಿಯ ಹೆಂಗಸರು ಮೈಲು ದೂರದ ಬೋರ್‌ವೆಲ್ಲಿಗೆ ಹೋಗುವುದನ್ನು ಬಿಟ್ಟರು.