ದೊಡ್ಡುವಿನ ಐದನೇ ಮೂಳೆ

ಎಂಟು ದಿನದ ಹಿಂದೆ ‘ಕತ್ತಿನಲ್ಲಿ ದೋಷವಿಲ್ಲ’ ಎಂದು ತಾನೇ ಅಳೆದು ಸಹಿ ಹಾಕಿದ್ದ ನಾಯಿ ದೊಡ್ಡು, ಈಗ ನಾಲ್ಕೂ ಕಾಲು ಸ್ವಾಧೀನ ತಪ್ಪಿ ಮೇಜಿನ ಮೇಲೆ ಬಿದ್ದಿದ್ದನ್ನು ಕಂಡು ಸ್ಕ್ಯಾನ್ ಕೋಣೆಯವಳು ಹಳೆಯ ವರದಿಯನ್ನು ಮತ್ತೆ ತೆಗೆದು ನೋಡಿದಳು. ಪ್ರಾಣಿಗಳ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷ ದುಡಿದವಳು ಅವಳು.

“ಸರಿಯಿದೆ ಅಂತ ಬರ್ದೆ, ನಂಬಿ ಓಡಾಡಕ್ಕೆ ಬಿಟ್ಟೆ. ನಿನ್ನ ಕೈ ಸೇದಿಹೋಗ!” ಎಂದು ನಾಯಿ ಸಾಕಿದ ಮುದುಕಿ ಅತ್ತಳು. “ಮನೇಲಿ ಇದರ ತಮ್ಮ ಸಣ್ಣು ಅನ್ನ ಮುಟ್ತಿಲ್ಲ.”

ಸಂಜೆಯೊಳಗೆ ಕೋಣೆಯ ಬೀಗದ ಕೈ ಒಪ್ಪಿಸಿ ಕೆಲಸ ಬಿಡುವಂತೆ ಡಾಕ್ಟರು ಸ್ಕ್ಯಾನ್ ಕೋಣೆಯವಳಿಗೆ ಹೇಳಿಬಿಟ್ಟರು.

ಅವಳು ನೇರವಾಗಿ ‘ಅಳತೆ ತಾತ’ನ ಹತ್ತಿರ ಹೋಗಿ ಮುದುಕಿ ಅಂದದ್ದನ್ನೆಲ್ಲ ಹೇಳಿದಳು. ಅವಳಿಗೆ ಕೆಲಸ ಕಲಿಸಿದವರು ಅವರೇ. ನಿವೃತ್ತರಾದರೂ ಹಳೆಯ ಫಿಲ್ಮುಗಳ ಕೋಣೆಯ ಕುರ್ಚಿ ಬಿಟ್ಟಿರಲಿಲ್ಲ. ಆಸ್ಪತ್ರೆಯಲ್ಲಿ ಕತ್ತರಿ ಕಳೆದರೂ ಸರಿ, ಔಷಧಿ ಕಳುವಾದರೂ ಸರಿ, ಪತ್ತೆ ಮಾಡುವವರು ಅವರೇ.

“ಅವತ್ತು ನಾಯಿ ತಂದಿದ್ದು ಯಾರಮ್ಮ?”

“ಆ ಅಜ್ಜಿ ಮಗ, ತಾತ. ಒಬ್ಬನೇ ಬಂದಿದ್ದ.”

“ಸ್ಕ್ಯಾನ್‌ಗೆ ಮುಂಚೆ ಮತ್ತು ಬರೋ ಸೂಜಿ ಎಲ್ಲಿ ಚುಚ್ಚಿದ್ರಿ?”

“ಮುಂದಿನ ಎಡಗಾಲಿಗೆ. ಕೂದಲು ಬೋಳಿಸಿದ್ದು ನಾನೇ.”

ತಾತ ಎದ್ದು ಹೋಗಿ ನಾಯಿಯ ಎಡಗಾಲನ್ನು ಸವರಿದರು. “ಇನ್ನೊಂದು ಸ್ಕ್ಯಾನ್ ತೆಗಿ. ಸೂಜಿ ಬಲಗಾಲಿಗಿರಲಿ, ಎಡಗಾಲು ಮುಟ್ಟಬೇಡ. ಆಮೇಲೆ ಆ ಸಣ್ಣುನೂ ಕರೆಸು.”

ಮಧ್ಯಾಹ್ನ ಎಲ್ಲರೂ ಸ್ಕ್ಯಾನ್ ಕೋಣೆಯಲ್ಲಿ ಸೇರಿದರು. ಮುದುಕಿಯ ಮಗ ಸಣ್ಣುವಿನ ಸರಪಳಿ ಹಿಡಿದು ಬಾಗಿಲಲ್ಲೇ ನಿಂತ. ಎರಡು ನಾಯಿಗಳೂ ಒಂದೇ ಅಚ್ಚು.

ತಾತ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರು. “ಬೆನ್ನುಹುರಿ ಹಾಯೋ ನಾಳ ಎಷ್ಟು ಎತ್ತರ, ಅದರ ಕೆಳಗಿನ ಮೂಳೆ ಎಷ್ಟು ಎತ್ತರ, ಎರಡನ್ನೂ ಹೋಲಿಸ್ತೀವಿ. ಚಿತ್ರ ದೊಡ್ಡದಾಗಿರಲಿ, ಚಿಕ್ಕದಾಗಿರಲಿ, ಆ ಹೋಲಿಕೆ ಬದಲಾಗಲ್ಲ. ಹಳೇದರಲ್ಲಿ ಕತ್ತಿನ ಐದನೇ ಮೂಳೆ ಹತ್ರ ಎರಡೂ ಸಮ. ಇವತ್ತಿನದ್ರಲ್ಲಿ ನಾಳ ಅರ್ಧಕ್ಕರ್ಧ. ಒಳಗೆ ಹುರಿ ಹಿಂಡಿಹೋಗಿದೆ. ಹುರಿ ಒಂದು ದಿನದಲ್ಲಿ ಊದಬಹುದು, ಆದ್ರೆ ಮೂಳೆಯ ನಾಳ ಎಂಟು ದಿನದಲ್ಲಿ ಹೀಗೆ ಕಿರಿದಾಗಲ್ಲ ಸ್ವಾಮಿ. ಇವು ಎರಡು ಬೇರೆ ನಾಯಿಗಳ ಕತ್ತು.”

“ಸಾಕ್ಷಿ?” ಎಂದರು ಡಾಕ್ಟರು.

“ದೊಡ್ಡು ಎಡಗಾಲಲ್ಲಿ ಒಂದು ಕೂದಲೂ ಕೊಂಕಿಲ್ಲ. ಸಣ್ಣುದು ನೋಡಿ.”

ಸಣ್ಣುವಿನ ಎಡಗಾಲಲ್ಲಿ ಬೆಂಕಿಪೊಟ್ಟಣದಷ್ಟಗಲ ಬೋಳಾಗಿತ್ತು. ಬಲವಾಗಿ ಹಿಡಿದಿದ್ದ ಸರಪಳಿ ಮಗನ ಕೈಯಿಂದ ಜಾರಿತು.

“ದೊಡ್ಡು ಎಡವ್ತಿತ್ತು,” ಎಂದ ಅವನು. “ಅಪ್ಪ ಹೋದಾಗ್ಲೇ ಅಮ್ಮ ಅರ್ಧ ಆಗಿದ್ಲು. ಏನೂ ಇಲ್ಲ ಅಂತ ಒಂದು ಕಾಗದ ತೋರ್ಸಿದ್ರೆ ನೆಮ್ಮದಿಯಾಗಿರ್ತಾಳೆ ಅಂದ್ಕೊಂಡೆ. ಅದಕ್ಕೇ ಸಣ್ಣುನ ತಂದೆ, ಕಾಲಿನ ಬೋಳು ಗಾಯದ್ದು ಅಂತ ಅಮ್ಮಂಗೆ ಸುಳ್ಳು ಹೇಳ್ದೆ. ಇಷ್ಟಾಗುತ್ತೆ ಅಂತ ಗೊತ್ತಿರ್ಲಿಲ್ಲ ತಾತ.”

“ಅವತ್ತು ಇದನ್ನೇ ತಂದಿದ್ರೆ ಆಪರೇಷನ್ ಮಾಡಬಹುದಿತ್ತು,” ಎಂದರು ಡಾಕ್ಟರು. “ಈಗ ನಮ್ಮ ಕೈಲಿ ಏನೂ ಇಲ್ಲ.” ಸ್ಕ್ಯಾನ್ ಕೋಣೆಯವಳು ಆಗಲೇ ಒಪ್ಪಿಸಿದ್ದ ಬೀಗದ ಕೈಯನ್ನು ಮತ್ತೆ ಅವಳ ಮುಂದಿಟ್ಟರು. ಅವಳಿಗೆ ಅದನ್ನು ಎತ್ತಿಕೊಳ್ಳುವ ಮನಸ್ಸಾಗಲಿಲ್ಲ.

ಮುದುಕಿ ಮಗನತ್ತ ತಿರುಗಿಯೂ ನೋಡಲಿಲ್ಲ. ಬಂದು ಸ್ಕ್ಯಾನ್ ಕೋಣೆಯವಳ ಎರಡೂ ಕೈ ಹಿಡಿದುಕೊಂಡಳು.

“ಈ ಕೈಗೆ ಶಾಪ ಹಾಕ್ಬಿಟ್ಟೆ, ಹೊಟ್ಟೆಗೆ ಹಾಕ್ಕೊಳ್ಳಮ್ಮ. ಇನ್ನೊಂದೇ ಒಂದ್ಸಲ ಅಳೆದು ನೋಡ್ತೀಯಾ?”

ತಾತ ಬೇಡವೆಂದು ತಲೆಯಾಡಿಸಿದರು. ಆದರೂ ಅವಳು ಕೂತು, ಐದನೇ ಮೂಳೆಯ ಮೇಲೆ ಗೆರೆ ಎಳೆದು ಮತ್ತೆ ಅಳೆದಳು. ಮುದುಕಿ ಪರದೆಯತ್ತ ಬಗ್ಗಿ ಕಾಯುತ್ತಿದ್ದಳು.

ಅಳತೆ ಮತ್ತೆ ಅರ್ಧಕ್ಕರ್ಧವೇ ಬಂತು.